ಒಂದು ಸ್ಪೂನ್ ಫುಲ್

"ಒಂದು ಸ್ಪೂನ್ ಫುಲ್ ಕೊಡಮ್ಮ, ಸಾಕು."

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಆಫೀಸಿನಿಂದ ಫೋನ್ ಮಾಡಿ ಅಮ್ಮನಿಗೆ ನಾನು ಹೇಳಿದ್ದು ಇಷ್ಟೇ. ಮಗಳಿಗೆ ಜ್ವರ. ಆಗ ಅವಳಿಗೆ ಹದಿನಾಲ್ಕು ತಿಂಗಳು, ತೂಕ ಒಂಬತ್ತು ಕೆಜಿ. ನಾನು, ನನ್ನಾಕೆ ಇಬ್ಬರೂ ಕೆಲಸಕ್ಕೆ ಹೋಗಿದ್ವಿ. ಊರಿಂದ ಬಂದಿದ್ದ ಅಮ್ಮ ಮನೇಲಿದ್ರು. ಬೆಳಿಗ್ಗೆ ಡಾಕ್ಟರು ಚೀಟಿಯಲ್ಲಿ ಸ್ಪಷ್ಟವಾಗಿ "5 ಎಂ.ಎಲ್., ಆರು ಗಂಟೆಗೊಂದು ಸಲ" ಅಂತ ಬರೆದುಕೊಟ್ಟಿದ್ದರು. ಆ ಚೀಟಿ ನನ್ನ ಜೇಬಲ್ಲಿತ್ತು. ಸಿರಪ್ ಬಾಟಲಿ ಜೊತೆ ಬಂದ, ಗೀಟು ಹಾಕಿದ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಎಲ್ಲೋ ಮಂಚದ ಕೆಳಗೆ ಉರುಳಿ ಹೋಗಿತ್ತು. ಎಂ.ಎಲ್. ಅಂದ್ರೆ ಅಮ್ಮನಿಗೆ ತೊಂದರೆ ಆಗುತ್ತೆ ಅಂತ ನಾನೇ ಮಹಾ ಬುದ್ಧಿವಂತನ ಥರ ಅದನ್ನ ಸ್ಪೂನ್ ಮಾಡಿ ಹೇಳಿದೆ.

ರಾತ್ರಿ ಎಂಟೂವರೆಗೆ ಮನೆಗೆ ಬಂದು ನೋಡ್ತೀನಿ, ಬಾಟಲಿ ಅರ್ಧಕ್ಕೆ ಬರ್ತಾ ಇದೆ! ಬೆಳಿಗ್ಗೆ ಸೀಲ್ ಒಡೆದ ಬಾಟಲಿ.

"ಅಮ್ಮಾ, ಎಷ್ಟು ಕೊಟ್ಟೆ?"

"ನೀನು ಹೇಳ್ದಷ್ಟೇ ಕಣೋ. ಮಧ್ಯಾಹ್ನ ಎರಡು ಗಂಟೆಗೊಂದು, ಈಗ ಎಂಟಕ್ಕೊಂದು. ಸ್ಪೂನ್ ಫುಲ್."

"ಯಾವ ಸ್ಪೂನು?"

ಅಮ್ಮ ಒಳಗೆ ಹೋಗಿ ತಂದು ತೋರಿಸಿದ್ದು ನಾವು ಉಪ್ಪಿಟ್ಟು ತಿನ್ನೋ ದೊಡ್ಡ ಚಮಚ. ಅದರಲ್ಲೂ ತುಳುಕೋ ಹಾಗೆ ತುಂಬಿಸಿ ಕೊಟ್ಟಿದ್ದರು. "ಫುಲ್ ಅಂದ್ಯಲ್ಲ, ಅದಕ್ಕೇ ಕಂಠಮಟ್ಟ ತುಂಬಿಸ್ದೆ. ಒಂದು ತೊಟ್ಟೂ ಚೆಲ್ಲಿಲ್ಲ" ಅಂದ್ರು. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಉಗುಳಿ ಒದ್ದಾಡೋ ಕೂಸಿಗೆ ಒಂದು ತೊಟ್ಟೂ ಚೆಲ್ಲದೆ ಔಷಧಿ ಕುಡಿಸೋದು ಸಣ್ಣ ಕೆಲಸ ಏನಲ್ಲ.

ನಾನು ಆಗ ಆಡಿದ ಮಾತು ಇಲ್ಲಿ ಬರೆಯೋಕೆ ನಾಚಿಕೆ ಆಗುತ್ತೆ. ಆದ್ರೂ ಬರೀತೀನಿ. "ಅಷ್ಟೂ ಗೊತ್ತಾಗಲ್ವಾ ನಿಂಗೆ?" ಅಂದೆ. ಮೂರು ಮಕ್ಕಳನ್ನು ಸಾಕಿದವಳಿಗೆ!

ಡಾಕ್ಟರಿಗೆ ಫೋನ್ ಮಾಡಿದ್ವಿ. ಅವರು ಬೈಯಲಿಲ್ಲ. ಯಾವ ಸಿರಪ್ಪು, ಎಷ್ಟು ಸ್ಟ್ರೆಂಗ್ತಿನದು, ಎಷ್ಟು ಸಲ, ಎಷ್ಟು ಎಂ.ಎಲ್. ಅಂತ ಒಂದೊಂದೇ ಕೇಳಿದ್ರು. ಕೊನೆಯ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಕೆಳಗಿನ ಮೆಡಿಕಲ್ ಶಾಪಿಗೆ ಓಡಿಹೋಗಿ ಸೂಜಿ ಇಲ್ಲದ ಸಿರಿಂಜ್ ತಂದು, ಆ ಚಮಚಕ್ಕೆ ನೀರು ತುಂಬಿಸಿ ಅಳೆದೆ. 11 ಎಂ.ಎಲ್. ಬಂತು. ಅಂದ್ರೆ ಪ್ರತಿ ಸಲವೂ ಎರಡು ಪಟ್ಟಿಗಿಂತ ಜಾಸ್ತಿ. ಡಾಕ್ಟರು ಲೆಕ್ಕ ಹಾಕಿ, ಇಡೀ ದಿನದ ಮೊತ್ತ ಈ ಮಗುವಿನ ತೂಕಕ್ಕೆ ಇನ್ನೂ ಮಿತಿಯ ಒಳಗೇ ಇದೆ, ಇವತ್ತಿಗೆ ಇನ್ನು ಕೊಡಬೇಡಿ, ಬೆಳಿಗ್ಗೆ ಕರಕೊಂಡು ಬನ್ನಿ ಅಂದ್ರು. ಬೆಳಿಗ್ಗೆ ಹೋದ್ವಿ. ಮಗು ಆರಾಮಾಗಿ ಡಾಕ್ಟರ ಸ್ಟೆತಾಸ್ಕೋಪ್ ಎಳೀತಾ ಇತ್ತು. ಏನೂ ಆಗಿರಲಿಲ್ಲ.

ಆದ್ರೆ ಮೂರನೇ ಡೋಸೂ, ನಾಲ್ಕನೇ ಡೋಸೂ ಅದೇ ಚಮಚದಲ್ಲಿ ಹೋಗಿದ್ರೆ? ಮರುದಿನವೂ ಅದೇ ಲೆಕ್ಕ ಮುಂದುವರಿದಿದ್ರೆ? ಪ್ಯಾರಸಿಟಮಾಲ್ ಮಿತಿ ಮೀರಿದ್ರೆ ಕೆಡೋದು ಲಿವರ್ರು. ಆ ರಾತ್ರಿ ನಂಗೆ ನಿದ್ದೆ ಬರಲಿಲ್ಲ. ತೊಟ್ಟಿಲ ಪಕ್ಕ ಕೂತು ಆ ಒಂದು ಪದವನ್ನೇ ತಿರುಗಿಸಿ ತಿರುಗಿಸಿ ನೋಡ್ತಾ ಇದ್ದೆ. ಸ್ಪೂನ್‌ಫುಲ್. ಸ್ಪೂನ್ ಫುಲ್. ನಾನು ಹೇಳಿದ್ದು ಯಾವುದು, ಅಮ್ಮ ಕೇಳಿಸಿಕೊಂಡಿದ್ದು ಯಾವುದು?

ಇಂಗ್ಲಿಷಿನಲ್ಲಿ ಇವೆರಡೂ ಬೇರೆ ಬೇರೆ. ಸ್ಪೂನ್‌ಫುಲ್ ಅಂತ ಕೂಡಿಸಿ ಬರೆದ್ರೆ ಕೊನೆಗೆ ಒಂದೇ ಎಲ್. ಅದೊಂದು ನಾಮಪದ, ಒಂದು ಅಳತೆಯ ಹೆಸರು. ಒಂದು ಚಮಚದಲ್ಲಿ ಹಿಡಿಸುವಷ್ಟು ಅಂತ ಅರ್ಥ. ಬಿಡಿಸಿ ಬರೆದ್ರೆ ಕೊನೆಗೆ ಎರಡು ಎಲ್. ಆಗ ಅದು ಚಮಚದ ವಿಷಯ. ಚಮಚ ತುಂಬಿದೆ ಅಂತ. ಮೊದಲನೆಯದರಲ್ಲಿ ಚಮಚ ಬರೀ ನೆಪ, ಮುಖ್ಯ ಒಳಗಿನ ವಸ್ತು. ಎರಡನೆಯದರಲ್ಲಿ ಚಮಚ ನಿಜವಾಗಿ ಕಣ್ಣೆದುರಿಗಿರಬೇಕು.

ಬಹುವಚನ ಮಾಡಿದ್ರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. 'ತ್ರೀ ಸ್ಪೂನ್‌ಫುಲ್ಸ್ ಆಫ್ ಶುಗರ್' ಅಂದ್ರೆ ಒಂದೇ ಚಮಚದಿಂದ ಮೂರು ಸಲ ಹಾಕಿದ ಸಕ್ಕರೆ. 'ತ್ರೀ ಸ್ಪೂನ್ಸ್ ಫುಲ್ ಆಫ್ ಶುಗರ್' ಅಂದ್ರೆ ಟೇಬಲ್ ಮೇಲೆ ಮೂರು ಚಮಚ ಸಾಲಾಗಿ ಸಕ್ಕರೆ ತುಂಬಿಕೊಂಡು ಕೂತಿವೆ. ಮೊದಲನೆಯದಕ್ಕೆ ತೊಳೆಯೋಕೆ ಒಂದು ಚಮಚ, ಎರಡನೆಯದಕ್ಕೆ ಮೂರು :) ನಿಘಂಟುಗಳು ಸ್ಪೂನ್ಸ್‌ಫುಲ್ ಅನ್ನೋ ಇನ್ನೊಂದು ರೂಪವನ್ನೂ ಕೊಡ್ತವೆ. ತಪ್ಪಲ್ಲ, ಆದ್ರೆ ಸ್ಪೂನ್‌ಫುಲ್ಸ್ ಅನ್ನೋದೇ ಹೆಚ್ಚು ಬಳಕೆಯಲ್ಲಿದೆ.

ಈ 'ಫುಲ್' ಪ್ರತ್ಯಯ ಎಂಥ ಪಾತ್ರೆಗೆ ಬೇಕಾದ್ರೂ ಅಂಟಿಕೊಳ್ಳುತ್ತೆ. ಕಪ್‌ಫುಲ್, ಬಕೆಟ್‌ಫುಲ್, ಬಾಸ್ಕೆಟ್‌ಫುಲ್, ಪಾಕೆಟ್‌ಫುಲ್. ಪಾತ್ರೆಯೇ ಆಗಬೇಕು ಅಂತಲೂ ಇಲ್ಲ. ಹ್ಯಾಂಡ್‌ಫುಲ್, ಮೌತ್‌ಫುಲ್, ಆರ್ಮ್‌ಫುಲ್ ಅಂತ ಮೈಯ ಅಂಗಗಳನ್ನೂ ಪಾತ್ರೆ ಮಾಡಿಬಿಡುತ್ತೆ. ಹ್ಯಾಂಡ್‌ಫುಲ್ ಅಂತೂ ಹಳೆಗಾಲದ ಇಂಗ್ಲಿಷಿನಲ್ಲೇ ಇದ್ದ ಪದ. ಮನುಷ್ಯನ ಮೊದಲ ಅಳತೆ ಪಾತ್ರೆ ಅವನ ಕೈಯೇ ತಾನೆ? ಮನೆಯನ್ನೂ ಬಿಟ್ಟಿಲ್ಲ. ಹೌಸ್‌ಫುಲ್ ಅಂತ ಒಂದು ಎಲ್ ಹಾಕಿದ್ರೆ ಒಂದು ಮನೆಯಲ್ಲಿ ಹಿಡಿಸುವಷ್ಟು ಜನ. ಹೌಸ್ ಫುಲ್ ಅಂತ ಬಿಡಿಸಿ ಎರಡು ಎಲ್ ಹಾಕಿದ್ರೆ ನಮಗೆಲ್ಲ ಚೆನ್ನಾಗಿ ಗೊತ್ತಿರೋ ಬೋರ್ಡು. ಕೆಂಪೇಗೌಡ ರಸ್ತೆಯ ಟಾಕೀಸುಗಳ ಮುಂದೆ ಆ ಬೋರ್ಡು ನೋಡಿ ಸಪ್ಪೆ ಮುಖ ಹಾಕಿಕೊಂಡು ವಾಪಸ್ ಬಂದವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ಹೌಸ್ ಫುಲ್ ಅಂದ ತಕ್ಷಣ ಇನ್ನೊಂದು ಹೊಳೀತು. ನಾವು ಕನ್ನಡಿಗರು ಈ 'ಫುಲ್' ಅನ್ನು ಇಂಗ್ಲಿಷಿನವರ ಥರ ಬಳಸೋದೇ ಇಲ್ಲ. ಫುಲ್ ಖುಷ್, ಫುಲ್ ಟೈಟ್, ಫುಲ್ ಮೀಲ್ಸ್, ಫುಲ್ ಟ್ಯಾಂಕ್, ಫುಲ್ ರಶ್. ನಮ್ಮ ಬಾಯಲ್ಲಿ ಫುಲ್ ಅಂದ್ರೆ 'ಪೂರ್ತಿ', 'ಸಿಕ್ಕಾಪಟ್ಟೆ'. ಇನ್ನೊಂದಿಷ್ಟು ಒತ್ತು ಕೊಡೋ ಪದ. ಯಾಕೆ ಅಂದ್ರೆ ನಮ್ಮ 'ತುಂಬ' ಕೂಡ ಹಾಗೇ ಇದೆ. ಕೊಡ ತುಂಬಿತು ಅನ್ನೋ ತುಂಬವೇ 'ತುಂಬ ಚೆನ್ನಾಗಿದೆ' ಅನ್ನೋ ತುಂಬವೂ ಹೌದು. ಫುಲ್ ಅಂತ ಕೇಳಿದ ಕನ್ನಡದ ಕಿವಿಗೆ ಅಳತೆ ಕೇಳಿಸಲ್ಲ, ಧಾರಾಳ ಕೇಳಿಸುತ್ತೆ. ಅಮ್ಮನಿಗೆ ಕೇಳಿಸಿದ್ದೂ ಅದೇ. ಮಗ ಫುಲ್ ಅಂದಿದಾನೆ, ಕಮ್ಮಿ ಮಾಡಬಾರದು.

ಹಾಗಾದ್ರೆ ಅಳತೆಯ 'ಫುಲ್'ಗೆ ಕನ್ನಡದಲ್ಲಿ ಏನಿದೆ?

ಮೈಯೇ ಪಾತ್ರೆಯಾದಾಗ ನಮ್ಮಲ್ಲಿ ಪ್ರತ್ಯಯ ಬೇಕಾಗೇ ಇಲ್ಲ, ಒಂದೊಂದಕ್ಕೂ ಬೇರೆ ಬೇರೆ ಪದವೇ ಇದೆ. ಎರಡು ಬೆರಳಲ್ಲಿ ಸಿಗೋದು ಚಿಟಿಕೆ. ಮುಚ್ಚಿದ ಕೈಗೆ ಸಿಗೋದು ಹಿಡಿ. ಎರಡು ಕೈ ಕೂಡಿಸಿದ್ರೆ ಬೊಗಸೆ. ತೋಳಲ್ಲಿ ತಬ್ಬಿ ತಂದಿದ್ದು ಒಂದು ತೆಕ್ಕೆ ಹುಲ್ಲು. ಬಾಯಿಗೆ ಹೋಗೋದು ಅನ್ನವಾದ್ರೆ ತುತ್ತು, ನೀರಾದ್ರೆ ಗುಟುಕು. ಇಂಗ್ಲಿಷಿನ ಒಂದು ಮೌತ್‌ಫುಲ್‌ಗೆ ನಮ್ಮಲ್ಲಿ ಎರಡು ಪದ!

ಅಷ್ಟೇ ಅಲ್ಲ, 'ಹಿಡಿ' ಬೇರೆ, 'ಕೈ ತುಂಬ' ಬೇರೆ. ಹಿಡಿಯಷ್ಟು ಜನ ಬಂದಿದ್ರು ಅಂದ್ರೆ ಜನ ಕಮ್ಮಿ. ಕೈ ತುಂಬ ಸಂಬಳ ಅಂದ್ರೆ ಸಂಬಳ ಜಾಸ್ತಿ. ಅದೇ ಕೈ, ಅದೇ ಅಳತೆ! ಇಂಗ್ಲಿಷಿನ ಹ್ಯಾಂಡ್‌ಫುಲ್ ನಮ್ಮ ಹಿಡಿ. ಅದಕ್ಕೇ 'ಎ ಹ್ಯಾಂಡ್‌ಫುಲ್ ಆಫ್ ಪೀಪಲ್' ಅಂದ್ರೆ ಬೆರಳೆಣಿಕೆಯ ಮಂದಿ. ಅದನ್ನು ಕೈ ತುಂಬ ಅಂತ ಮಾಡಿದ್ರೆ ಅರ್ಥ ಉಲ್ಟಾ. ಒಂದು ಎಲ್, ಎರಡು ಎಲ್ ಅಂತ ಅವರು ಕಾಗುಣಿತದಲ್ಲಿ ಮಾಡಿಕೊಂಡ ವ್ಯತ್ಯಾಸವನ್ನ ನಾವು ಪದದಲ್ಲೇ ಮಾಡಿಕೊಂಡಿದೀವಿ.

ಆದ್ರೆ ಪಾತ್ರೆಯ ವಿಷಯಕ್ಕೆ ಬಂದ್ರೆ ನಾವು ಸೋಮಾರಿಗಳು. ಪಾತ್ರೆಯ ಹೆಸರನ್ನೇ ಅಳತೆ ಅಂತ ಇಟ್ಟುಕೊಂಡು ಬಿಡ್ತೀವಿ. "ಎರಡು ಲೋಟ ಕಾಫಿ ಕುಡಿದೆ" ಅಂದ್ರೆ ಯಾರೂ ಲೋಟ ನುಂಗಿದ್ಯಾ ಅಂತ ಕೇಳಲ್ಲ. ಒಂದು ಚೊಂಬು ನೀರು, ಒಂದು ಸೌಟು ಹುಳಿ, ಒಂದು ಚಮಚ ತುಪ್ಪ, ಒಂದು ಹಂಡೆ ಬಿಸಿನೀರು, ಒಂದು ಗೋಣಿ ಕೊಬ್ಬರಿ. ಎಷ್ಟು ತುಂಬಬೇಕು ಅಂತ ಎಲ್ಲೂ ಹೇಳಿರಲ್ಲ. ಹೇಳೋ ಅಗತ್ಯವೂ ಇರಲಿಲ್ಲ, ಯಾಕೆಂದ್ರೆ ಹೇಳೋರೂ ಕೇಳೋರೂ ಒಂದೇ ಅಡುಗೆಮನೆಯಲ್ಲಿ ನಿಂತಿರ್ತಿದ್ರು.

ನಮ್ಮದು ತಿಪಟೂರಿನ ಕಡೆ. ನಮ್ಮ ತಾತನ ಮನೆಯಲ್ಲಿ ಪಾವು, ಅಚ್ಚೇರು, ಸೇರು ಅಂತ ಸಾಲಾಗಿ ಗೋಡೆ ಬದಿ ಇರ್ತಿದ್ವು. ಕಣದಲ್ಲಿ ರಾಗಿ ಅಳೆಯೋಕೆ ಕೊಳಗ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಎಷ್ಟು ಬೀಜ ಬಿತ್ತಬಹುದು ಅನ್ನೋದರ ಮೇಲೆ ಹೊಲವನ್ನೂ ಇಷ್ಟು ಕೊಳಗದ ಹೊಲ, ಅಷ್ಟು ಖಂಡುಗದ ಗದ್ದೆ ಅಂತ ಕರೀತಿದ್ರು. ನೋಡಿ, ಪಾತ್ರೆ ಹೋಗಿ ಹೋಗಿ ಭೂಮಿಯ ಅಳತೆಯೇ ಆಗಿಬಿಡ್ತು! ತಾತ ಅಳೆಯೋಕೆ ಕೂತ್ರೆ ಮೊದಲನೇ ಕೊಳಗಕ್ಕೆ 'ಒಂದು' ಅಂತಿರಲಿಲ್ಲ. 'ಲಾಭ' ಅಂತಿದ್ರು. ಲಾಭ, ಎರಡು, ಮೂರು, ನಾಲ್ಕು... ಪಕ್ಕದಲ್ಲಿ ಮಾತಾಡಿಸಿದ್ರೆ ಗದರ್ತಿದ್ರು. ಅಳೆಯುವಾಗ ಮಾತಾಡಬಾರದು.

1956ರ ಕಾಯ್ದೆ ಬಂದು, ಆಮೇಲೆ ಮೆಟ್ರಿಕ್ ಪದ್ಧತಿ ಹಂತ ಹಂತವಾಗಿ ಜಾರಿಯಾಗಿ ಸೇರು ಹೋಗಿ ಕಿಲೋ, ಲೀಟರ್ ಬಂತು. ಅಂಗಡಿಯಿಂದ ಸೇರು ಹೋಯ್ತು, 'ಸೇರಿಗೆ ಸವಾಸೇರು' ಅನ್ನೋ ಗಾದೆಯಲ್ಲಿ ಉಳೀತು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯೊಳಗೆ ಪಾವು ಈಗಲೂ ಇದೆ. ಪಾವು ಇಲ್ಲದ ಮನೆಯಲ್ಲಿ ಲೋಟ ಇದೆ.

ಅಮ್ಮನ ಅಡುಗೆಯೆಲ್ಲ ಲೋಟದ ಲೆಕ್ಕ. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ. ನನ್ನಾಕೆ ಮದುವೆಯಾದ ಹೊಸದರಲ್ಲಿ "ಯಾವ ಲೋಟ ಅತ್ತೆ?" ಅಂತ ಕೇಳಿದ್ಲು. "ಯಾವುದಾದ್ರೂ ಆಗುತ್ತೆ ಕಣಮ್ಮ, ಅದೇ ಲೋಟದಲ್ಲಿ ಎರಡನ್ನೂ ಅಳೆದ್ರಾಯ್ತು" ಅಂದಿದ್ರು ಅಮ್ಮ. ಆವತ್ತು ನಕ್ಕಿದ್ವಿ. ಈಗ ಯೋಚನೆ ಮಾಡಿದ್ರೆ ಇಡೀ ವಿಷಯದ ಗುಟ್ಟು ಆ ಒಂದು ಮಾತಲ್ಲೇ ಇದೆ.

ಅಡುಗೆ ಅನ್ನೋದು ಪ್ರಮಾಣ. ಇದಕ್ಕೆ ಅದು ಇಷ್ಟು ಪಟ್ಟು. ಎರಡೂ ಕಡೆ ಒಂದೇ ಲೋಟ ಇದ್ರೆ ಲೋಟ ದೊಡ್ಡದೋ ಚಿಕ್ಕದೋ ಅನ್ನೋದು ಹೊಡೆದುಹೋಗುತ್ತೆ. ಇಡ್ಲಿ ಹತ್ತರ ಬದಲು ಹದಿನಾಲ್ಕು ಆಗಬಹುದು, ಕೆಡಲ್ಲ. ಔಷಧಿ ಹಾಗಲ್ಲ. ಅಲ್ಲಿ ಒಂದು ಕಡೆ ಚಮಚ ಇದೆ, ಇನ್ನೊಂದು ಕಡೆ ಇರೋದು ಒಂಬತ್ತು ಕೆಜಿಯ ಮಗು. ಚಮಚ ದೊಡ್ಡದಾದ್ರೆ ಮಗು ಅದಕ್ಕೆ ತಕ್ಕಂತೆ ದೊಡ್ಡದಾಗಲ್ಲ.

ಇಂಗ್ಲಿಷಿನವರಿಗೂ ಇದು ತಲೆನೋವೇ. ಟೀ ಸ್ಪೂನ್ ಅಂದ್ರೆ 5 ಎಂ.ಎಲ್., ಟೇಬಲ್ ಸ್ಪೂನ್ ಅಂದ್ರೆ 15 ಎಂ.ಎಲ್. ಅಂತ ಇಟ್ಟುಕೊಂಡಿದಾರೆ. ಆಸ್ಟ್ರೇಲಿಯಾದ ಟೇಬಲ್ ಸ್ಪೂನ್ ಮಾತ್ರ 20! ಬರೆಯುವಾಗ ಒಂದು ಟಿಎಸ್‌ಪಿ, ಇನ್ನೊಂದು ಟಿಬಿಎಸ್‌ಪಿ. ನಡುವೆ ಒಂದು 'ಬಿ' ಕಣ್ತಪ್ಪಿದ್ರೆ ಮೂರು ಪಟ್ಟು ವ್ಯತ್ಯಾಸ. ತುಂಬೋದು ಹೇಗೆ ಅನ್ನೋದು ಬೇರೆ ಜಗಳ. ಗೋಪುರ ಬರೋ ಹಾಗೆ ತುಂಬಬೇಕಾ, ತಲೆ ಸವರಬೇಕಾ? ಅಮೆರಿಕದ ಬಾಸ್ಟನ್ನಿನಲ್ಲಿ ಅಡುಗೆ ಶಾಲೆ ನಡೆಸ್ತಿದ್ದ ಫ್ಯಾನಿ ಫಾರ್ಮರ್ ಅನ್ನೋಳು 1896ರಲ್ಲಿ ತನ್ನ ಅಡುಗೆ ಪುಸ್ತಕದಲ್ಲಿ, ಕಪ್ಪಾಗಲಿ ಚಮಚವಾಗಲಿ ತುಂಬಿ ಚಾಕುವಿನಿಂದ ತಲೆ ಸವರಿ ಸಮ ಮಾಡಬೇಕು ಅಂತ ಹಟ ಹಿಡಿದಳು. ಅಲ್ಲಿಂದ ಅವಳಿಗೆ ಸಮ ಅಳತೆಯ ತಾಯಿ ಅಂತಲೇ ಹೆಸರು ಬಂತು.

ಆದ್ರೆ ಇವೆಲ್ಲ ಅಳತೆಗೆಂದೇ ಮಾಡಿದ ಚಮಚದ ಮಾತು. ಮನೆಯಲ್ಲಿರೋ ಚಮಚಕ್ಕೆ ಈ ನಿಯಮ ಗೊತ್ತಿಲ್ಲವಲ್ಲ! ಗ್ರೀಸ್ ದೇಶದಲ್ಲಿ 25 ಮನೆಗಳ ಚಮಚಗಳನ್ನು ಕೂಡಿಸಿ ಅಳೆದು 2010ರಲ್ಲಿ ಒಂದು ವರದಿ ಪ್ರಕಟಿಸಿದ್ರು. ಟೀ ಸ್ಪೂನುಗಳು 2.5ರಿಂದ 7.3 ಎಂ.ಎಲ್.ವರೆಗೆ ಇದ್ವು. ದೊಡ್ಡ ಚಮಚಗಳು 6.7ರಿಂದ 13.4ರವರೆಗೆ. ಅಂದ್ರೆ ಒಂದು ಮನೆಯ 'ಸ್ಪೂನ್‌ಫುಲ್' ಇನ್ನೊಂದು ಮನೆಯದರ ಸುಮಾರು ಮೂರು ಪಟ್ಟು. ನಮ್ಮನೆ ಉಪ್ಪಿಟ್ಟಿನ ಚಮಚ 11 ಬಂದಿದ್ದು ಹೊಸದೇನಲ್ಲ ಅಂತ ಇದನ್ನು ಓದಿದಾಗ ಗೊತ್ತಾಯ್ತು.

2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ನೂರಕ್ಕೆ ಸುಮಾರು 40 ಅಪ್ಪ ಅಮ್ಮಂದಿರು ತಾವು ಕೊಡಬೇಕು ಅಂದುಕೊಂಡ ಡೋಸನ್ನೇ ತಪ್ಪಾಗಿ ಅಳೆದಿದ್ರು. ಎಂ.ಎಲ್. ಲೆಕ್ಕ ಇಟ್ಟುಕೊಂಡವರಿಗಿಂತ ಸ್ಪೂನ್ ಲೆಕ್ಕದವರು ತಪ್ಪೋ ಸಾಧ್ಯತೆ ಎರಡು ಪಟ್ಟು. 2015ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ, ಕುಡಿಯೋ ಔಷಧಿಗೆ ಇನ್ನು ಮೇಲೆ ಸ್ಪೂನಿನ ಮಾತೇ ಬೇಡ, ಎಂ.ಎಲ್. ಮಾತ್ರ ಬರೀರಿ ಅಂತ ಹೇಳಿತು. ನೋಡಿ, ನಮ್ಮ ಡಾಕ್ಟರೂ ಹಾಗೇ ಬರೆದಿದ್ರು. ಅದನ್ನು ಮತ್ತೆ ಸ್ಪೂನಿಗೆ ಇಳಿಸಿದವನು ನಾನು.

ಹಾಗಂತ ಪಾತ್ರೆಯ ಅಳತೆಯೇ ಕೆಟ್ಟದ್ದು ಅಂತ ಷರಾ ಬರೆದುಬಿಡೋಕೆ ಮನಸ್ಸು ಒಪ್ಪಲ್ಲ. ಅದಕ್ಕೆ ಕಾರಣ ಉಪ್ಪು ಸಕ್ಕರೆ ನೀರು.

ಭೇದಿಯಾದ ಮಗುವಿಗೆ ಕೊಡೋ ನೀರಿನ ಲೆಕ್ಕ ನಿಮಗೆಲ್ಲ ಗೊತ್ತಿರುತ್ತೆ. ಒಂದು ಲೀಟರ್ ಶುದ್ಧ ನೀರಿಗೆ ತಲೆ ಸವರಿದ ಆರು ಟೀ ಚಮಚ ಸಕ್ಕರೆ, ತಲೆ ಸವರಿದ ಅರ್ಧ ಟೀ ಚಮಚ ಉಪ್ಪು. ಇಲ್ಲಿ 'ತಲೆ ಸವರಿದ' ಅನ್ನೋ ಮಾತು ಸುಮ್ಮನೆ ಹಾಕಿದ್ದಲ್ಲ. ಉಪ್ಪು ಜಾಸ್ತಿಯಾದ್ರೆ ಆ ನೀರೇ ಮಗುವಿಗೆ ಅಪಾಯ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು, ರಕ್ತನಾಳಕ್ಕೆ ಕೊಡೋ ಸಲೈನ್ ಸಾಲುತ್ತಿರಲಿಲ್ಲ. ಆಗ ಡಾ. ದಿಲೀಪ್ ಮಹಲನೋಬಿಸ್ ಡ್ರಮ್ಮುಗಳಲ್ಲಿ ಇದೇ ಥರದ ನೀರು ಕಲಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದ್ರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗೆ ಇಳೀತು.

ಅದು ಶಿಬಿರ, ಅಲ್ಲಿ ಅಳೆದು ಕೊಡೋರು ಇದ್ರು. ಹಳ್ಳಿ ಹಳ್ಳಿಯ ಗುಡಿಸಲಿನಲ್ಲಿ ಅಳೆಯೋರು ಯಾರು? ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ 1990ರವರೆಗೆ ಮನೆ ಮನೆಗೆ ಹೆಣ್ಣುಮಕ್ಕಳನ್ನು ಕಳಿಸಿ, ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳ ತಾಯಂದಿರಿಗೆ ಇದನ್ನು ಕಲಿಸಿತು. ಅವರು ಎಂ.ಎಲ್. ಹೇಳಲಿಲ್ಲ, ಚಮಚವನ್ನೂ ಹೇಳಲಿಲ್ಲ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಚಿಟಿಕೆ, ಹಿಡಿ, ಸೇರು! ಓದಿದಾಗ ನಮ್ಮಜ್ಜಿಯೇ ಹೇಳಿದ ಹಾಗಿತ್ತು.

ಆದ್ರೆ ಅವರು ಹೇಳಿ ಬಂದುಬಿಡಲಿಲ್ಲ, ಅದೇ ಮುಖ್ಯ. ಚಿಟಿಕೆ ಅಂದ್ರೆ ಬೆರಳಿನ ಯಾವ ಗೆರೆಯವರೆಗೆ ಅಂತ ತೋರಿಸಿದ್ರು. ಅರ್ಧ ಸೇರು ಅಂದ್ರೆ ಆ ಮನೆಯದೇ ಪಾತ್ರೆಯಲ್ಲಿ ಎಲ್ಲಿಯವರೆಗೆ ಬರುತ್ತೆ ಅಂತ ಅಳೆದು ಗುರುತು ಹಾಕಿಕೊಟ್ರು. ತಾಯಂದಿರ ಕೈಯಲ್ಲೇ ಕಲಸಿಸಿದ್ರು. ಅವರು ಕಲಸಿದ ನೀರಿನ ಮಾದರಿ ತಗೊಂಡು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದ್ರು. ಕಲಿಸಿ ಹೋದ ಮೇಲೆ ಇನ್ನೊಬ್ಬರು ಬಂದು ತಾಯಂದಿರಿಗೆ ಎಷ್ಟು ನೆನಪಿದೆ ಅಂತ ಕೇಳ್ತಿದ್ರು. ಕಲಿಸಿದವಳ ಸಂಬಳ ಅದರ ಮೇಲೆ ನಿಂತಿತ್ತು. ಅಂದ್ರೆ ತಾಯಿ ತಪ್ಪಾಗಿ ಅಳೆದ್ರೆ ತಪ್ಪು ತಾಯಿಯದಲ್ಲ, ಹೇಳಿಕೊಟ್ಟವರದು.

ಇದನ್ನು ಓದಿದಾಗ ನಂಗೆ ಆ ರಾತ್ರಿಯ "ಅಷ್ಟೂ ಗೊತ್ತಾಗಲ್ವಾ?" ನೆನಪಾಗಿ ತಲೆ ತಗ್ಗಿಸಬೇಕಾಯ್ತು. ಆ ಲೆಕ್ಕದಲ್ಲಿ ನನ್ನ ಸಂಬಳ ಸೊನ್ನೆ.

ಯಾಕೆಂದ್ರೆ ಅಮ್ಮನ ಕಡೆಯಿಂದ ತಪ್ಪೇ ಆಗಿರಲಿಲ್ಲ. ಅಮ್ಮನ ಕಾಲದಲ್ಲಿ ಮಗುವಿಗೆ ಔಷಧಿ ಅಂದ್ರೆ ಒಳಲೆ. ನಮ್ಮನೇಲಿ ಒಳ್ಳೆ ಅಂತೀವಿ. ಮೂತಿ ಚೂಪಾಗಿರೋ ಪುಟ್ಟ ಬೆಳ್ಳಿ ಬಟ್ಟಲು. ಬಜೆ ತೇಯ್ದಿದ್ದು, ಓಮದ ನೀರು, ಹಾಲು ಎಲ್ಲ ಅದರಲ್ಲೇ. ಎಷ್ಟು ಹಾಕಬೇಕು ಅನ್ನೋದು ಅಜ್ಜಿಗೆ ಗೊತ್ತಿತ್ತು. ಅಮ್ಮ ಪಕ್ಕದಲ್ಲಿ ಕೂತು ನೋಡಿ ಕಲಿತಿದ್ರು. ಒಂದು ಒಳಲೆ, ನೋಡೋಕೆ ನಾಲ್ಕು ಕಣ್ಣು. ನಾನು ಕೊಟ್ಟಿದ್ದು ಏನು? ಫೋನಿನಲ್ಲಿ ಒಂದು ಇಂಗ್ಲಿಷ್ ಪದ. ನನ್ನ ತಲೆಯಲ್ಲಿದ್ದ ಸ್ಪೂನನ್ನು ಅಮ್ಮ ನೋಡೋದಾದ್ರೂ ಹೇಗೆ?

ಆ ಘಟನೆಯಾದ ಮೇಲೆ ಅಮ್ಮ ಔಷಧಿ ಬಾಟಲಿ ಮುಟ್ಟೋದನ್ನೇ ಬಿಟ್ಟರು. ಮಗುವಿಗೆ ಕೆಮ್ಮು ಬಂದಾಗ ಮಧ್ಯಾಹ್ನದ ಡೋಸ್ ಕೊಡಮ್ಮ ಅಂದ್ರೆ, "ನಂಗೆ ಬೇಡಪ್ಪ, ನೀವೇ ಬಂದು ಕೊಡಿ" ಅಂತಿದ್ರು. ಸಿಟ್ಟಲ್ಲ ಅದು. ಹೆದರಿಕೆ. ಮೂರು ಮಕ್ಕಳನ್ನು ಸಾಕಿದ ಕೈ ಮೊಮ್ಮಗಳ ಮುಂದೆ ಹೆದರಿ ಹಿಂದೆ ಸರಿಯೋದನ್ನ ನೋಡೋಕೆ ನನಗೆ ಆಗ್ತಿರಲಿಲ್ಲ. ಊರಿಗೆ ಹೊರಡೋ ಮಾತೂ ಶುರುವಾಗಿತ್ತು. "ತೆಂಗಿನಕಾಯಿ ಕೆಡವಿಸಬೇಕು" ಅಂತ ನೆಪ. ಕಾಯಿ ಕೆಡವಿಸೋ ಹೊತ್ತು ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಒಂದು ಭಾನುವಾರ ಊಟ ಮುಗಿದ ಮೇಲೆ ನಾನು ಸಿರಿಂಜು, ಒಂದು ಬಟ್ಟಲು ನೀರು, ಮನೆಯಲ್ಲಿದ್ದ ಚಮಚಗಳನ್ನೆಲ್ಲ ತಂದು ನೆಲದ ಮೇಲೆ ಹರಡಿಕೊಂಡು ಕೂತೆ. "ತಪ್ಪು ನಂದು ಅಮ್ಮ, ಎಷ್ಟು ಅಂತ ನಾನು ಸರಿಯಾಗಿ ಹೇಳಲಿಲ್ಲ" ಅಂದೆ. ಅಮ್ಮ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿದ್ರು. ಆಮೇಲೆ ಬಂದು ಪಕ್ಕದಲ್ಲಿ ಕೂತ್ರು. ಉಪ್ಪಿನ ಡಬ್ಬಿಯ ಚಮಚ 2. ಕಾಫಿ ಚಮಚ 4. ಹೋಟೆಲಿನವರು ಪಾರ್ಸೆಲ್ ಜೊತೆ ಕೊಟ್ಟ ಪ್ಲಾಸ್ಟಿಕ್ ಚಮಚ 6. ನಮ್ಮ ಖಳನಾಯಕ, ಉಪ್ಪಿಟ್ಟಿನ ಚಮಚ, ಅದೇ 11. ಸರಿಯಾಗಿ 5 ಬಂದಿದ್ದು ಒಂದೂ ಇಲ್ಲ!

"ಅಯ್ಯೋ ಶಿವನೇ, ಒಂದೂ ನಿಜ ಹೇಳಲ್ವಲ್ಲೋ" ಅಂತ ಅಮ್ಮ ನಗೋಕೆ ಶುರು ಮಾಡಿದ್ರು. ಎಷ್ಟೋ ದಿನದ ಮೇಲೆ.

ಆಮೇಲೆ ತಾವೇ ಎದ್ದು ಹೋಗಿ ಟ್ರಂಕಿನಿಂದ ಒಳಲೆ ತಂದ್ರು. ನನಗೂ ನನ್ನ ತಮ್ಮ ತಂಗಿಗೂ ಹಾಲು ಕುಡಿಸಿದ್ದು. ಕಂಠಮಟ್ಟ ತುಂಬಿಸಿದ್ರೆ 12 ಬಂತು. 5 ಎಲ್ಲಿಗೆ ಬರುತ್ತೋ ಅಲ್ಲಿಗೆ ಒಂದು ಗುರುತು ಹಾಕಿಕೊಡ್ತೀನಿ ಅಂತ ನಾನು ಬ್ರಾಕ್‌ನವರ ಥರ ಉತ್ಸಾಹದಿಂದ ಅಂದೆ. "ಬೆಳ್ಳಿ ಮೇಲೆ ಗೀಚಬೇಡ" ಅಂದ್ರು. ಅವರೇ ಒಂದು ದಾರಿ ಕಂಡುಕೊಂಡರು. ಅಳೆಯೋದು ಸಿರಿಂಜಿನಲ್ಲಿ, ಕುಡಿಸೋದು ಒಳಲೆಯಲ್ಲಿ. "ನಿನ್ನ ಪಿಚಕಾರಿ ಅಳೀಲಿ. ಮಗು ಬಾಯಿಗೆ ಮಾತ್ರ ಅದು ಬೇಡ, ಹೆದರ್ಕೊಳ್ಳುತ್ತೆ."

ಈಗ ನಮ್ಮನೆಯಲ್ಲಿ ಔಷಧಿಯ ವಿಷಯಕ್ಕೆ ಸ್ಪೂನ್ ಅನ್ನೋ ಮಾತು ಬಂದ್. ಚೀಟಿ ಫ್ರಿಜ್ಜಿನ ಬಾಗಿಲ ಮೇಲೆ, ಸಿರಿಂಜಿನ 5ರ ಗೀಟಿನ ಮೇಲೆ ನನ್ನಾಕೆಯ ಕೆಂಪು ನೇಲ್ ಪಾಲಿಶ್. ನಿಮ್ಮ ಮನೆಯಲ್ಲೂ ಮಕ್ಕಳಿದ್ರೆ, ನೋಡಿಕೊಳ್ಳೋಕೆ ಅಜ್ಜಿ ತಾತ ಇದ್ರೆ, ದಯವಿಟ್ಟು ಒಂದು ಸಲ ಚಮಚಗಳನ್ನು ಅಳೆದು ನೋಡಿ. ಒಬ್ಬರೇ ಅಳೀಬೇಡಿ, ಔಷಧಿ ಕುಡಿಸೋರನ್ನ ಪಕ್ಕದಲ್ಲಿ ಕೂರಿಸಿಕೊಂಡು ಅಳೀರಿ.

ಮೊನ್ನೆ ಮತ್ತೆ ಮಗಳಿಗೆ ಶೀತ. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ. ಅಮ್ಮ ಕನ್ನಡಕ ಹಾಕಿಕೊಂಡು, ಕಿಟಕಿ ಬೆಳಕಿಗೆ ಸಿರಿಂಜ್ ಹಿಡಿದು, ನಿಧಾನಕ್ಕೆ ಎಳೀತಾ ಇದ್ರು. ನಾನು ಏನೋ ಕೇಳೋಕೆ ಬಾಯಿ ತೆರೆದೆ. ಅವರು ತಿರುಗದೇನೇ ಎಡಗೈ ಎತ್ತಿ ಸುಮ್ಮನಿರು ಅಂದ್ರು. ಅಳೆಯುವಾಗ ಮಾತಾಡಬಾರದು.

ಮೊದಲನೇ ಗೀಟು ದಾಟುವಾಗ ಮೆಲ್ಲಗೆ ಅಂದಿದ್ದು ಕೇಳಿಸ್ತು. "ಲಾಭ."